ಮುಪ್ಪಿನಲ್ಲಿ ಬೀಳುವುದು ಹಣೆಬರಹವಲ್ಲ

ಬಚ್ಚಲುಮನೆಯಲ್ಲಿ ಕಾಲು ಜಾರಿತು, ಹೊಸ್ತಿಲು ಎಡವಿತು, ರಾತ್ರಿ ಎದ್ದಾಗ ತಲೆ ಸುತ್ತಿತು. ಹಿರಿಯರು ಬಿದ್ದ ಸುದ್ದಿ ಹೀಗೆಯೇ ಕೇಳಿಬರುತ್ತದೆ. ‘ವಯಸ್ಸಾಯಿತಲ್ಲ’ ಎಂಬ ಮಾತಿನೊಡನೆ ಅದು ಮುಗಿದೂ ಹೋಗುತ್ತದೆ. ಆದರೆ ಬೀಳುವ ಅಪಾಯವನ್ನು ವ್ಯಾಯಾಮದಿಂದ ಗಣನೀಯವಾಗಿ ತಗ್ಗಿಸಬಹುದು ಎಂಬುದು ಇಂದು ಸಾಬೀತಾಗಿರುವ ಸಂಗತಿ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6.84 ಲಕ್ಷ ಮಂದಿ ಬಿದ್ದು ಸಾಯುತ್ತಾರೆ. ಇವುಗಳಲ್ಲಿ ಶೇ 80ಕ್ಕೂ ಹೆಚ್ಚು ಸಾವುಗಳು ಸಂಭವಿಸುವುದು ಕಡಿಮೆ ಹಾಗೂ ಮಧ್ಯಮ ಆದಾಯದ ದೇಶಗಳಲ್ಲಿ. ಸಂಧ್ಯಾ ಸುರಕ್ಷಾ ಯೋಜನೆಯ ಮಾಸಾಶನವನ್ನೇ ನಂಬಿದ ವೃದ್ಧೆಯ ಸೊಂಟದ ಮೂಳೆ ಮುರಿದರೆ ಹಾಸಿಗೆ ಹಿಡಿಯುವವಳು ಆಕೆಯಾದರೂ, ಆರೈಕೆಗೆ ನಿಂತ ಮಗಳ ಕೂಲಿಯೂ ತಪ್ಪುತ್ತದೆ.

ಬೀಳುವುದೇಕೆ?

ಕಣ್ಣು, ಒಳಕಿವಿ ಮತ್ತು ಪಾದಗಳ ಸ್ಪರ್ಶಜ್ಞಾನ ಸೇರಿ ದೇಹದ ಸಮತೋಲನವನ್ನು ಕಾಯುತ್ತವೆ. ವಯಸ್ಸಾದಂತೆ ಈ ಮೂರೂ ಮಂದವಾಗುತ್ತವೆ. ತೊಡೆ ಮತ್ತು ಮೀನಖಂಡದ ಸ್ನಾಯುಗಳು ಸೊರಗುತ್ತವೆ. ಒಮ್ಮೆ ಬಿದ್ದವರು ಭಯದಿಂದ ಓಡಾಟ ಕಡಿಮೆ ಮಾಡುತ್ತಾರೆ. ಕುಳಿತಷ್ಟೂ ಕಾಲು ದುರ್ಬಲವಾಗಿ, ಮತ್ತೆ ಬೀಳುವ ಸಂಭವ ಹೆಚ್ಚುತ್ತದೆ.

ಜೀವನವಿಡೀ ಗದ್ದೆಯಲ್ಲಿ ದುಡಿದ ದೇಹಕ್ಕೆ ಮತ್ತೇಕೆ ವ್ಯಾಯಾಮ ಎಂದು ಕೇಳುವವರುಂಟು. ದುಡಿಮೆ ನಿಂತ ಮೇಲೆ ಅದು ಕೊಟ್ಟ ಶಕ್ತಿಯೂ ಉಳಿಯುವುದಿಲ್ಲ ಎಂಬುದೇ ಇದಕ್ಕೆ ಉತ್ತರ.

ಫಲ ಕಂಡ ಪ್ರಯೋಗ

2019ರಲ್ಲಿ ಪ್ರಕಟವಾದ ಕೊಕ್ರೇನ್ ಸಮೀಕ್ಷೆಯು 25 ದೇಶಗಳಲ್ಲಿ ನಡೆದ 108 ಪ್ರಯೋಗಗಳನ್ನು ಪರಿಶೀಲಿಸಿತು. ವ್ಯಾಯಾಮದಿಂದ ಬೀಳುವ ಪ್ರಮಾಣ ಶೇ 23ರಷ್ಟು ಇಳಿಯುತ್ತದೆ ಎಂಬುದು ಅದರ ನಿರ್ಣಯ. ಹೆಚ್ಚು ಫಲ ಕೊಟ್ಟಿದ್ದು ಸಮತೋಲನಕ್ಕೆ ಸವಾಲೊಡ್ಡುವ ವ್ಯಾಯಾಮಗಳು. ಬರಿಯ ನಡಿಗೆಯಿಂದ ಅಂತಹ ಲಾಭ ದೃಢಪಟ್ಟಿಲ್ಲ.

ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯ 1990ರ ದಶಕದಲ್ಲಿ ರೂಪಿಸಿದ ಕಾರ್ಯಕ್ರಮ ಇದಕ್ಕೆ ಉತ್ತಮ ನಿದರ್ಶನ. ಫಿಸಿಯೋಥೆರಪಿಸ್ಟ್ ಅಥವಾ ತರಬೇತಿ ಪಡೆದ ದಾದಿ ಹಿರಿಯರ ಮನೆಗೇ ಬಂದು ವ್ಯಾಯಾಮ ಕಲಿಸುತ್ತಾರೆ. ವಾರಕ್ಕೆ ಮೂರು ಬಾರಿ ಅರ್ಧ ಗಂಟೆ ಅಭ್ಯಾಸ, ಜೊತೆಗೆ ಎರಡು ಬಾರಿ ನಡಿಗೆ. ಕಾಲಿಗೆ ಕಟ್ಟುವ ಸಣ್ಣ ತೂಕದ ಪಟ್ಟಿಯ ಹೊರತು ಬೇರೆ ಸಲಕರಣೆ ಬೇಕಿಲ್ಲ. ಇದರಿಂದ ಬೀಳುವ ಪ್ರಮಾಣ ಸುಮಾರು ಶೇ 35ರಷ್ಟು ತಗ್ಗಿತು.

ಮಾಡುವುದು ಹೇಗೆ?

ಗೋಡೆ ಅಥವಾ ಅಡುಗೆಕಟ್ಟೆಯ ಆಸರೆಯಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು, ಕೈಯೂರದೆ ಕುರ್ಚಿಯಿಂದ ಎದ್ದು ಕೂರುವುದು, ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸಿ ಹೆಜ್ಜೆಯಿಡುವುದು, ಕೆಲವು ಕ್ಷಣ ಒಂಟಿಕಾಲಿನಲ್ಲಿ ನಿಲ್ಲುವುದು ಇವುಗಳಲ್ಲಿ ಮುಖ್ಯವಾದವು. ಆರಂಭದಲ್ಲಿ ಪಕ್ಕದಲ್ಲಿ ಒಬ್ಬರು ಇರಬೇಕು. ತಲೆಸುತ್ತು, ಎದೆನೋವು ಇರುವವರು, ನಿದ್ರೆ ಅಥವಾ ರಕ್ತದೊತ್ತಡದ ಮಾತ್ರೆ ಸೇವಿಸುವವರು ಮೊದಲು ವೈದ್ಯರನ್ನು ಕಾಣುವುದು ಅಗತ್ಯ. ಅಭ್ಯಾಸ ನಿಲ್ಲಿಸಿದರೆ ಲಾಭವೂ ಕರಗುತ್ತದೆ.

ಬಾಗಿಲಿಗೆ ಬರಬೇಕು

ವ್ಯಾಯಾಮಕ್ಕೆ ಹಣ ಬೇಡ ನಿಜ. ಆದರೆ ಕಲಿಸುವವರು ಬೇಕು. ಆಸ್ಪತ್ರೆಗೆ ಹೋಗಿಬರಲು ಬಸ್ ವೆಚ್ಚವಿದೆ, ಜೊತೆಗೆ ಹೋದವರ ಒಂದು ದಿನದ ಕೂಲಿ ನಷ್ಟವಿದೆ. ನೆರವು ಹೆಚ್ಚು ಬೇಕಾದವರೇ ತರಬೇತಿಯಿಂದ ದೂರ ಉಳಿಯುವುದು ಹೀಗೆ. 2010-11ರಲ್ಲಿ ಆರಂಭವಾದ ಹಿರಿಯರ ಆರೋಗ್ಯ ರಕ್ಷಣೆಯ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಫಿಸಿಯೋಥೆರಪಿಗೂ ಸ್ಥಾನವಿದೆ. ಆ ಸೇವೆ ಕಟ್ಟಡದೊಳಗೆ ಉಳಿಯದೆ ಓಣಿಯ ಕೊನೆಯ ಮನೆಗೂ ತಲುಪಬೇಕು. ಬಿದ್ದವರಿಗೆ ಚಿಕಿತ್ಸೆ ಕೊಡಿಸುವುದಕ್ಕಿಂತ, ಅವರು ಬೀಳುವ ಮುನ್ನ ಕಾಲಿಗೆ ಬಲ ತುಂಬುವುದು ಮನೆಗೂ ಸರ್ಕಾರಕ್ಕೂ ಹಗುರವಾದ ಹೊರೆ.