ಇಸ್ಪೀಟು ಹಿಡಿದ ಕೈಯಲ್ಲೇ ಕುಂಗ್‌ಫೂ!

ಹೀರೋ ತಲೆಗೆ ಪೆಟ್ಟು ಬೀಳುತ್ತೆ. ನೆನಪೆಲ್ಲ ಮಾಯ. ಪುಟ್ಟ ಮಗುವಿನ ಹಾಗೆ ಚಾಕಲೇಟಿಗೆ ಹಟ ಹಿಡೀತಾನೆ. ಕ್ಲೈಮ್ಯಾಕ್ಸ್ ಹೊತ್ತಿಗೆ ಸರಿಯಾಗಿ ನೆನಪು ವಾಪಸ್! ಯಾವ ಕನ್ನಡ ಪಿಕ್ಚರ್ ಅಂತ ತಲೆ ಕೆರ್ಕೋತಿದ್ದೀರಾ? ಕನ್ನಡದ್ದಲ್ಲ ಸ್ವಾಮಿ, ಹಾಂಕಾಂಗಿನದು! 1989ರ ‘ಗಾಡ್ ಆಫ್ ಗ್ಯಾಂಬ್ಲರ್ಸ್’. ನಿರ್ದೇಶಕ ವಾಂಗ್ ಜಿಂಗ್. ಜೂಜಿನ ದೇವರಾಗಿ ಚೌ ಯುನ್‌ಫ್ಯಾಟ್, ಪುಡಿ ಜೂಜುಗಾರನಾಗಿ ಆಂಡಿ ಲಾವ್. ಇನ್ನೊಂದು ಮಜಾ ಕೇಳಿ. ದೇವರು ಬೀಳುವ ಆ ಬಲೆಯನ್ನು ಆಂಡಿ ಲಾವ್ ಒಡ್ಡಿದ್ದು ನೆರೆಯ ಇಂಡಿಯನ್ ಒಬ್ಬನಿಗೆ! ನಮ್ಮವನು ಪಾರಾದ, ದೇವರು ಬಿದ್ದ.

ಕಡೂರು, ತರೀಕೆರೆ, ಅಜ್ಜಂಪುರದ ಹುಡುಗರಿಗೆ ಇಂಥ ಚಿತ್ರ ಹಿಡಿಸದೆ ಇದ್ದೀತೆ? ಅಜ್ಜಂಪುರದಲ್ಲಿ ಈರುಳ್ಳಿ ಹಾಕಿದವನನ್ನು ಕೇಳಿ ನೋಡಿ. ಬಿತ್ತುವಾಗ ಒಂದು ದರ, ಕಿತ್ತು ಮೂಟೆ ಕಟ್ಟುವಾಗ ಇನ್ನೊಂದು. ಕಡೂರಿನ ಕಡೆ ಮಳೆ ಬಂದರೆ ಬಂತು, ಇಲ್ಲದಿದ್ದರೆ ತೆಂಗಿನ ಗರಿ ಜೋತು ಬಿತ್ತು. ತರೀಕೆರೆ ಅಡಿಕೆಗೂ ಮಂಡಿಯಲ್ಲಿ ಇವತ್ತಿನ ರೇಟು ನಾಳೆಗಿಲ್ಲ. ಎಲೆ ಹಂಚುವವನು ಬೇರೆ ಯಾರೋ. ಕೈಗೆ ಬಂದದ್ದನ್ನು ಆಡಬೇಕು ಅಷ್ಟೆ. ಅಂಥವನ ಮುಂದೆ ತೆರೆಯ ಮೇಲೆ ಒಬ್ಬ ಬಡಪಾಯಿ, ಬಂದ ಎಲೆಯನ್ನೇ ಕೈಚಳಕದಲ್ಲಿ ಬದಲಾಯಿಸಿ ಸೂಟುಬೂಟಿನ ಧಣಿಯ ಜೇಬು ಖಾಲಿ ಮಾಡಿದರೆ ಶಿಳ್ಳೆ ಬೀಳಲೇಬೇಕು. ಅದೃಷ್ಟವನ್ನು ಕೈ ಸೋಲಿಸುತ್ತೆ. ಗುಟ್ಟು ಇಷ್ಟೇ ಗುರೂ!

ಕುಂಗ್‌ಫೂ ಚಿತ್ರದಲ್ಲೂ ಇದೇ ಅಲ್ಲವೆ? ಮೊದಲು ಒದೆ ತಿಂತಾನೆ, ಆಮೇಲೆ ಕಲೀತಾನೆ, ಕೊನೆಗೆ ಒದೀತಾನೆ. ಸ್ಯಾಮೊ ಹಂಗ್ ನಿರ್ದೇಶಿಸಿದ 1979ರ ‘ನಾಕ್‌ಅಬೌಟ್’ ನೋಡಿ. ಯುಯೆನ್ ಬಿಯಾವೊ ಅದರಲ್ಲಿ ಊರವರಿಗೆ ಟೋಪಿ ಹಾಕಿ ಬದುಕುವ ಪೋಲಿ. ಟೋಪಿ ಹಾಕಿದ ಬೆರಳುಗಳೇ ಕಡೆಗೆ ಕೋತಿ ವರಸೆ ಕಲಿತು ಖಳನ ಮೂಳೆ ಮುರಿಯುತ್ತವೆ. ಅಬ್ಬಾ, ಆ ಹುಡುಗನ ಪಲ್ಟಿಗಳು! ಮೈಯಲ್ಲಿ ಎಲುಬೇ ಇಲ್ಲವೇನೋ ಅನ್ನಿಸುತ್ತೆ.

ಈ ನಗುವಿನ ಹಿಂದೆ ಒಂದು ಭಾಷೆಯ ಕಥೆಯೂ ಇದೆ. ಹಾಂಕಾಂಗಿನ ಬೀದಿಯ ಮಾತು ಕ್ಯಾಂಟನೀಸ್. ಆದರೆ 1970ರ ದಶಕದ ಆರಂಭಕ್ಕೆ ಅಲ್ಲಿಯ ತೆರೆಯನ್ನು ಮ್ಯಾಂಡರಿನ್ ಪೂರ್ತಿ ನುಂಗಿತ್ತು. ಬ್ರೂಸ್ ಲೀ ಚಿತ್ರಗಳೂ ಅಲ್ಲಿ ಮ್ಯಾಂಡರಿನ್‌ನಲ್ಲೇ ಬಂದವು. 1973ರ ಜುಲೈ 20ರಂದು ಲೀ ಹೋದ. ಮರುವರ್ಷ ಮೈಕೆಲ್ ಹುಯಿ ತನ್ನ ತಮ್ಮ ಸ್ಯಾಮ್ ಹುಯಿಯನ್ನು ಜೊತೆಗೆ ಹಾಕಿಕೊಂಡು ‘ಗೇಮ್ಸ್ ಗ್ಯಾಂಬ್ಲರ್ಸ್ ಪ್ಲೇ’ ತೆಗೆದ. ಇಬ್ಬರು ಪುಡಿ ಜೂಜುಗಾರರ ಪೇಚಾಟ, ಬೀದಿಯ ಬೈಗುಳ, ಅದೇ ಮಾತಿನ ಹಾಡು. 1974ರಲ್ಲಿ ಅಲ್ಲಿ ಎಲ್ಲಕ್ಕಿಂತ ಹೆಚ್ಚು ಗಳಿಸಿದ ಚಿತ್ರ ಅದೇ! ಬೀದಿಯ ಮಾತನ್ನು ತೆರೆಗೆ ವಾಪಸ್ ತಂದವರಲ್ಲಿ ಜೂಜುಕೋರರೂ ಸೇರಿದರು ಅನ್ನಿ. ಅವನದೇ 1976ರ ‘ದಿ ಪ್ರೈವೇಟ್ ಐಸ್’ ಅಡುಗೆಮನೆ ಫೈಟನ್ನಂತೂ ಮರೆಯೋ ಹಾಗಿಲ್ಲ. ಬ್ರೂಸ್ ಲೀ ಬೀಸುತ್ತಿದ್ದ ಸರಪಳಿ ಕೋಲಿನ ಬದಲು ಮಾಂಸದ ಸಾಸೇಜ್ ಸರ ಬೀಸ್ತಾನೆ ಮಾರಾಯ!

ನಮ್ಮಲ್ಲಿ ಕನ್ನಡಕ್ಕೆ ಡಬ್ಬಿಂಗ್ ದಶಕಗಳ ಕಾಲ ಬರಲೇ ಇಲ್ಲ. ಗಾಂಧಿ ಕ್ಲಾಸಿನಲ್ಲಿ ಕೂತ ನಮ್ಮ ಅಣ್ಣಂದಿರು ‘ಎಂಟರ್ ದ ಡ್ರ್ಯಾಗನ್’ ನೋಡಿದ್ದು ಇಂಗ್ಲಿಷಿನಲ್ಲೇ. ಒದೆಗೆ ಯಾವ ಡಬ್ಬಿಂಗು? ಎಕ್ಕ, ರಾಜ, ರಾಣಿ, ಗುಲಾಮನಿಗೂ ಬೇಡ. ಮಾಜಾಂಗ್ ಅನ್ನೋ ಬಿಲ್ಲೆಯಾಟ ಮಾತ್ರ ಸ್ವಲ್ಪ ಗೊಂದಲ. 144 ಬಿಲ್ಲೆ, ನಾಲ್ಕು ಜನ, ಜೋಡಿಸುವ ರೀತಿ ಹೆಚ್ಚುಕಮ್ಮಿ ನಮ್ಮ ರಮ್ಮಿಯದೇ. ಇಷ್ಟು ಗೊತ್ತಿದ್ದರೆ ಸಾಕು.

ಈಗ ಸ್ಟೀಫನ್ ಚೌ ವಿಷಯಕ್ಕೆ ಬನ್ನಿ. ‘ಶಾವೋಲಿನ್ ಸಾಕರ್’, ‘ಕುಂಗ್‌ಫೂ ಹಸಲ್’ ನೋಡಿ ಬಿದ್ದುಬಿದ್ದು ನಕ್ಕವರಿಗೆ ಪರಿಚಯ ಬೇಕಿಲ್ಲ. ಅವನಿಗೆ ದೊಡ್ಡ ತಾರೆಯ ಪಟ್ಟ ಕೊಟ್ಟದ್ದು ಜೂಜಿನ ಚಿತ್ರ: 1990ರ ‘ಆಲ್ ಫಾರ್ ದಿ ವಿನ್ನರ್’. ಗಡಿಯಾಚೆಯಿಂದ ಹಾಂಕಾಂಗಿಗೆ ಚಿಕ್ಕಪ್ಪನ ಮನೆ ಹುಡುಕ್ಕೊಂಡು ಬರುವ ಗಮಾರ. ಅಜ್ಜಂಪುರದಲ್ಲಿ ರೈಲು ಹತ್ತಿ, ಬೀರೂರು ದಾಟಿ, ಯಶವಂತಪುರದಲ್ಲಿ ಇಳಿದು ಕಣ್ಣುಕಣ್ಣು ಬಿಡುವ ನಮ್ಮ ಹುಡುಗನೇ! ಆದರೆ ಇವನು ಎಲೆಯನ್ನು ಉಜ್ಜಿದರೆ ಎಲೆಯೇ ಬದಲಾಗುತ್ತೆ. ‘ಗಾಡ್ ಆಫ್ ಗ್ಯಾಂಬ್ಲರ್ಸ್’ ದೇವರು ಸ್ಲೋ ಮೋಷನ್‌ನಲ್ಲಿ ಠೀವಿಯಿಂದ ನಡೆದು ಬಂದದ್ದಲ್ಲವೆ? ಇವನು ಕ್ಯಾಮರಾ ಹಂಗಿಲ್ಲದೆ ತಾನೇ ನಿಧಾನಕ್ಕೆ ಕಾಲೆತ್ತಿ ನಡೀತಾನೆ! ಇಬ್ಬರು ನಿರ್ದೇಶಕರಲ್ಲಿ ಒಬ್ಬ ಕೋರಿ ಯುಯೆನ್, ಜಾಕಿ ಚಾನ್ ಜೊತೆ ಒಂದೇ ಗುರುವಿನ ಕೈಲಿ ಪೆಟ್ಟು ತಿಂದು ಕಲಿತವನು. ಹಾಂಕಾಂಗಿನಲ್ಲಿ 4 ಕೋಟಿ ಡಾಲರ್ ದಾಟಿದ ಮೊದಲ ಚಿತ್ರ ಇದು.

ಜೂಜಿನ ಚಿತ್ರ ಇಷ್ಟು ತೆಗೆದ ಹಾಂಕಾಂಗಿನಲ್ಲಿ ಕ್ಯಾಸಿನೋ ಒಂದೂ ಇಲ್ಲ! ಕುದುರೆ ಬಾಲಕ್ಕೆ ಕಟ್ಟಬಹುದು. ಕ್ಯಾಸಿನೋ ಚಪಲಕ್ಕೆ ಮಕಾವ್‌ಗೆ ಹೋಗಬೇಕು. 1999ರವರೆಗೆ ಅದು ಪೋರ್ಚುಗೀಸರ ಕೈಯಲ್ಲಿತ್ತು. ಯಾವುದೋ ಊರು ನೆನಪಾಯಿತಲ್ಲ? ಅದೇ, 1961ರವರೆಗೆ ಪೋರ್ಚುಗೀಸರದಾಗಿದ್ದ, ಈಗ ಮಾಂಡೋವಿ ಹೊಳೆಯ ಮೇಲೆ ಕ್ಯಾಸಿನೋ ಹಡಗು ನಿಲ್ಲಿಸಿಕೊಂಡಿರುವ ನಮ್ಮ ನೆರೆಯ ಗೋವಾ. 1968ರಷ್ಟು ಹಿಂದೆಯೇ ಅಣ್ಣಾವ್ರು ‘ಗೋವಾದಲ್ಲಿ ಸಿ.ಐ.ಡಿ. 999’ ಆಗಿ ಹೋಗಿ ಬಂದಿದ್ದಾರೆ.

ಪಿಕ್ಚರ್ ನೋಡದವರು ಮುಂದಿನ ನಾಲ್ಕು ಸಾಲು ಬಿಟ್ಟು ಓದಿ. ‘ಗಾಡ್ ಆಫ್ ಗ್ಯಾಂಬ್ಲರ್ಸ್’ ಕೊನೆಯ ಆಟದಲ್ಲಿ ಖಳ ಒಂದು ಗುಟ್ಟು ಹಿಡಿದಿರ್ತಾನೆ: ದೇವರು ಸುಳ್ಳು ಆಟ ಆಡುವಾಗ ಬೆರಳ ಉಂಗುರ ಸವರ್ತಾನೆ! ಹಳೇ ಟೇಪ್ ನೋಡಿ ಕಂಡುಕೊಂಡದ್ದು. ದೇವರು ಆ ಅಭ್ಯಾಸವನ್ನು ಬೇಕೆಂದೇ ಮುಂಚಿನ ಆಟಗಳಲ್ಲಿ ತೋರಿಸ್ತಾ ಬಂದಿರ್ತಾನೆ. ಖಳ ಅದನ್ನು ನಂಬಿ ಕಟ್ಟಿದ, ಮುಳುಗಿದ.

ಅದೃಷ್ಟ ಎಲ್ಲಿ ಬಂತು ಇಲ್ಲಿ? ತೆರೆಯ ಮೇಲೆ ಗೆದ್ದವನೂ ಅದನ್ನು ನಂಬಿಲ್ಲ. ಒಂದೋ ವರ್ಷಗಟ್ಟಲೆ ತಯಾರಿ, ಇಲ್ಲವೇ ಮೋಸ. ಧರ್ಮರಾಯನ ಮುಂದೆ ಕೂತ ಶಕುನಿಯದೂ ಇದೇ ಲೆಕ್ಕ. ಮೊಬೈಲಿನಲ್ಲಿ ರಮ್ಮಿಗೆ ಈರುಳ್ಳಿ ದುಡ್ಡು ಸುರಿದ ಹುಡುಗನಿಗೆ ಎದುರಾಳಿಯ ಉಂಗುರವೂ ಕಾಣದು, ಮುಖವೂ ಕಾಣದು, ಉಜ್ಜಲು ಕೈಯಲ್ಲಿ ಎಲೆಯೂ ಇಲ್ಲ! ಲಾಟರಿಯನ್ನು ಕರ್ನಾಟಕ 2007ರಲ್ಲೇ ನಿಲ್ಲಿಸಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ನಿಷೇಧಕ್ಕೆ ಸಂಸತ್ತು ಕಾಯ್ದೆ ತಂದದ್ದು 2025ರ ಆಗಸ್ಟಿನಲ್ಲಿ. ಅಷ್ಟರಲ್ಲಿ ಸಾಲ ಮಾಡಿಕೊಂಡವರ ಪಾಡು ಮನೆಯವರಿಗೇ ಗೊತ್ತು.

ನೋಡೋದಾದರೆ ಕ್ರಮವಾಗಿ ನೋಡಿ. ಮೊದಲು 1989ರದು, ಆಮೇಲೆ ಸ್ಟೀಫನ್ ಚೌನದು. ಉಲ್ಟಾ ನೋಡಿದರೆ ಆ ಸ್ಲೋ ಮೋಷನ್ ನಡಿಗೆಯ ಅರ್ಧ ನಗು ಖೋತಾ. ಅದರಲ್ಲಿ ಚಿಕ್ಕಪ್ಪನಾಗಿರುವ ಙ್ ಮಾನ್ ಟಾಟ್ ಮೇಲೆ ಒಂದು ಕಣ್ಣಿರಲಿ. ನಮ್ಮ ಬಾಲಣ್ಣನವರು ಕಣ್ಣಾಡಿಸಿಯೇ ಸೀನು ಕದಿಯುತ್ತಿದ್ದರಲ್ಲ, ಅದೇ ಜಾತಿಯ ಕಳ್ಳ!