ಮೇವಿನ ತೂಕ, ಮೇವಿನ ಕಸುವು

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ಕೃಷ್ಣೆ, ಘಟಪ್ರಭೆಗಳ ನೀರು ಹರಿದೆಡೆ ಕಬ್ಬು ಬೆಳೆಯುತ್ತದೆ. ನೀರು ಹರಿಯದ ಎರೆಭೂಮಿಗೆ ಮಳೆಯೇ ಗತಿ. ಅದೂ ವರ್ಷಕ್ಕೆ ಸರಾಸರಿ 600 ಮಿಲಿಮೀಟರಿಗಿಂತ ಕಡಮೆ. ಅಲ್ಲಿನ ದನಗಳು ಬೇಸಗೆಯನ್ನು ಕಳೆಯುವುದು ಬಹುಮಟ್ಟಿಗೆ ಹಿಂಗಾರಿ ಜೋಳದ ಕಣಿಕೆಯ ಬಣವೆಯಿಂದ. ಬಣವೆ ದೊಡ್ಡದಿದ್ದರೂ, ದನ ಹೊಟ್ಟೆ ತುಂಬ ಮೇದರೂ, ವೈಶಾಖದ ಹೊತ್ತಿಗೆ ಅದರ ಪಕ್ಕೆಲುಬುಗಳು ಎದ್ದು ಕಾಣುವುದೇಕೆ?

ಮೇವನ್ನು ತೂಗುವಾಗ ಮೊದಲು ನೀರಿನ ಲೆಕ್ಕವನ್ನು ಕಳೆಯಬೇಕು. 100 ಕಿಲೋಗ್ರಾಂ ಹಸಿಯ ನೇಪಿಯರ್ ಹುಲ್ಲಿನಲ್ಲಿ ಸುಮಾರು 80 ಕಿಲೋಗ್ರಾಂ ನೀರೇ ಇರುತ್ತದೆ. ಉಳಿದುದು ಒಣ ಪದಾರ್ಥ; ಅದರಲ್ಲಿ ಹೆಚ್ಚಿನ ಪಾಲು ನಾರು. ಬನಹಟ್ಟಿಯ ನೇಕಾರರು ಮಗ್ಗದಲ್ಲಿ ನೇಯುವ ಹತ್ತಿಯ ನೂಲು ಯಾವ ಸೆಲ್ಯುಲೋಸಿನಿಂದಾಗಿದೆಯೋ ಕಣಿಕೆಯ ನಾರಿನಲ್ಲಿಯೂ ಅದೇ ಮುಖ್ಯವಾದುದು. ಅದು ಗ್ಲೂಕೋಸಿನ ಅಣುಗಳ ಸರಪಣಿ. ನಮ್ಮ ಜಠರರಸವು ಅದನ್ನು ಒಡೆಯಲಾರದು, ಹಸುವಿನದೂ ಒಡೆಯಲಾರದು! ಆ ಕೆಲಸವನ್ನು ಮಾಡುವುವು ಹಸುವಿನ ಮೊದಲನೆಯ ಹೊಟ್ಟೆಯಲ್ಲಿ ಬಿಡಾರ ಹೂಡಿರುವ ಸೂಕ್ಷ್ಮಜೀವಿಗಳು. ಅವು ವೃದ್ಧಿಯಾಗಲು ಸಾರಜನಕ ಬೇಕು. ಒಣ ಪದಾರ್ಥದಲ್ಲಿ ಸಸಾರಜನಕ, ಅಂದರೆ ಪ್ರೋಟೀನು, ಸುಮಾರು ಶೇಕಡ 7ಕ್ಕಿಂತ ಕೆಳಗಿಳಿದರೆ ಅವುಗಳ ಕೆಲಸ ಕುಂಟುತ್ತದೆ. ನಾರು ಕರಗದೆ ಹೊಟ್ಟೆಯಲ್ಲಿಯೇ ಉಳಿಯುತ್ತದೆ. ದನ ಮೇವನ್ನು ಬಿಡುತ್ತದೆ. ಕಣಿಕೆಯಲ್ಲಿರುವುದು ಶೇಕಡ 3-4 ಮಾತ್ರ.

ಹುಲ್ಲು ಬಲಿತಷ್ಟೂ ಅದರ ತೂಕ ಏರುತ್ತದೆ, ಸಸಾರಜನಕದ ಅಂಶ ಇಳಿಯುತ್ತದೆ. ಲಿಗ್ನಿನ್ ಎಂಬ ಗಡಸು ವಸ್ತು ನಾರಿಗೆ ಕವಚದಂತೆ ಅಂಟಿಕೊಳ್ಳುತ್ತದೆ. ಗಣಿತ ಬಲ್ಲ ವಿದ್ಯಾರ್ಥಿಗಳಿಗೆ ಇದು ಹೊಸದಲ್ಲ: ಒಂದು ಏರುತ್ತ ಇನ್ನೊಂದು ಇಳಿಯುತ್ತ ಇರುವಾಗ ಎರಡರ ಗುಣಲಬ್ಧವು ನಡುವೆಲ್ಲೋ ಗರಿಷ್ಠವಾಗಬಹುದು. ಲೆಕ್ಕಕ್ಕೆಂದು ಕಲ್ಪಿಸಿಕೊಳ್ಳೋಣ. ಒಂದು ಹೊಲದ ಒಣಹುಲ್ಲು ಎಳೆಯದಿದ್ದಾಗ 1000 ಕಿಲೋಗ್ರಾಂ, ಸಸಾರಜನಕ ಶೇಕಡ 12. ಹೂ ಬಿಡುವಾಗ 2000 ಕಿಲೋಗ್ರಾಂ, ಶೇಕಡ 9. ಬೀಜ ಉದುರುವಾಗ 2600 ಕಿಲೋಗ್ರಾಂ, ಶೇಕಡ 5. ದೊರೆಯುವ ಸಸಾರಜನಕವು ಕ್ರಮವಾಗಿ 120, 180, 130 ಕಿಲೋಗ್ರಾಂ. ಬಣವೆಯ ಎತ್ತರಕ್ಕೆ ಮರುಳಾದವನು 50 ಕಿಲೋಗ್ರಾಮನ್ನು ಕಳೆದುಕೊಂಡನಲ್ಲವೆ?

ಬದುವಿನ ಹುಲ್ಲಿಗೆ ಈ ಲೆಕ್ಕ ಸರಿ. ಬರವನ್ನು ತಾಳುವ ಅಂಜನ ಹುಲ್ಲಿಗೂ ಸರಿ. ಆದರೆ ಜೋಳವನ್ನು ಹೂವಿನಲ್ಲಿಯೇ ಕೊಯ್ದರೆ ಮನೆಯವರ ರೊಟ್ಟಿಗೇನು ಗತಿ? ಆದುದರಿಂದ ಕಣಿಕೆಗೆ ಸಾರಜನಕವನ್ನು ಹೊರಗಿನಿಂದ ಒದಗಿಸಬೇಕು. ಶೇಂಗಾ ಬಳ್ಳಿ, ಅಲಸಂದೆಗಳನ್ನು ಬೆರೆಸುವುದು ಸುಲಭದ ದಾರಿ. ನನಗೆ ಇದೇ ಮೇಲೆನಿಸುತ್ತದೆ. ಇನ್ನೊಂದು, 4 ಕಿಲೋಗ್ರಾಂ ಯೂರಿಯವನ್ನು ಸುಮಾರು 50 ಲೀಟರು ನೀರಿನಲ್ಲಿ ಕರಗಿಸಿ, ಕತ್ತರಿಸಿದ 100 ಕಿಲೋಗ್ರಾಂ ಕಣಿಕೆಗೆ ಸಮನಾಗಿ ಚಿಮುಕಿಸಿ, ಗಾಳಿಯಾಡದಂತೆ ಮೂರು ವಾರ ಮುಚ್ಚಿಡುವುದು. ಹುಟ್ಟಿದ ಅಮೋನಿಯವು ಲಿಗ್ನಿನ್ನಿನ ಹಿಡಿತವನ್ನು ಸಡಿಲಿಸುತ್ತದೆ, ಸಾರಜನಕವನ್ನೂ ಕೂಡಿಸುತ್ತದೆ. ಯೂರಿಯವನ್ನು ದನ ನೇರವಾಗಿ ನೆಕ್ಕಿದರೆ ಅದು ವಿಷ.

ಎಳೆಯ ಮೇವು ಪುಷ್ಟಿಕರವೆಂದು ಮಳೆ ಕೈಕೊಟ್ಟು ಬಾಡಿದ ಎಳೆಜೋಳಕ್ಕೆ ದನವನ್ನು ಬಿಡಲೂಬಾರದು. ಅದರಿಂದ ಹೊಟ್ಟೆಯಲ್ಲಿ ಹೈಡ್ರೊಸಯಾನಿಕ್ ಆಮ್ಲ ಹುಟ್ಟುತ್ತದೆ; ಕೆಲವೇ ನಿಮಿಷಗಳಲ್ಲಿ ದನ ಸಾಯಬಹುದು.