ಹಳೆಯ ಪೇಟೆಯಲ್ಲಿ ಹೊಸ ಕಟ್ಟಡಗಳು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಹಳೆಯ ಪೇಟೆಗಳು ದಿನೇ ದಿನೇ ರೂಪಗೆಡುತ್ತಿರುವದನ್ನು ಕಂಡೂ ಮೌನವಾಗಿರುವದು ನಮಗೆ ಉಚಿತವೆನಿಸುವದಿಲ್ಲ. ೧೯೪೮ರವರೆಗೆ ಜಮಖಂಡಿಯು ಪಟವರ್ಧನರ, ಮುಧೋಳವು ಘೋರ್ಪಡೆಯವರ ಸಂಸ್ಥಾನದ ರಾಜಧಾನಿಗಳಾಗಿದ್ದವು. ರಾಮತೀರ್ಥದ ಅರಮನೆಯನ್ನೂ ಬೀಳಗಿಯ ಅರೆತ್ತಿನ ಬಾವಿಯನ್ನೂ ಜನರು ಹೆಮ್ಮೆಯಿಂದ ತೋರಿಸುವರು. ಆದರೆ ಊರಿಗೆ ಮುಖವನ್ನು ಕೊಟ್ಟದ್ದು ಸಾಮಾನ್ಯರ ಮನೆಗಳ ಸಾಲು. ಅದರ ಕಡೆಗೆ ಯಾರ ಲಕ್ಷ್ಯವೂ ಇಲ್ಲ.

ಹೊರಗೆ ಕಟ್ಟೆ, ಒಳಗೆ ಪಡಸಾಲೆ, ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಅದರಲ್ಲೊಂದು ಬೆಳಕಿಂಡಿ: ಈ ಮನೆಯು ನಮ್ಮ ಸೀಮೆಯ ಬಿಸಿಲನ್ನು ಬಲ್ಲದು. ರಬಕವಿ-ಬನಹಟ್ಟಿಗಳಲ್ಲಿ ನೇಕಾರನ ಮಗ್ಗಕ್ಕೂ ಅದೇ ಆಶ್ರಯ. ಇಂದು ಅದನ್ನು ಕೆಡವಿದ ಸ್ಥಳದಲ್ಲಿ ಗಾಜು-ಅಲ್ಯುಮಿನಿಯಮ್ಮಿನ ಪೆಟ್ಟಿಗೆಯೊಂದು ನೆರೆಮನೆಗಿಂತ ಎರಡು ಮಾಳಿಗೆ ಎತ್ತರವಾಗಿ ನಿಲ್ಲುತ್ತದೆ. ತೊಲೆ-ಜಂತಿಗಳಿಗೆ ಗೆದ್ದಲು ಹತ್ತಿ, ಮಾಳಿಗೆ ಸೋರುತ್ತಿದ್ದರೂ ಹಳೆಯದನ್ನೇ ಇಟ್ಟುಕೊಳ್ಳಿರೆಂದು ನಾವು ಹೇಳಲಾರೆವು. ಹೊಸದು ನೆರೆಯವರೊಡನೆ ಹೊಂದಿ ನಿಲ್ಲಬೇಕೆಂಬುದಷ್ಟೇ ನಮ್ಮ ಮಾತು.

ಇದಕ್ಕೆ ಮುಂಚಿತವಾಗಿ ಅಚ್ಚಿನಲ್ಲಿ ಎರೆದು ತಂದು ಜೋಡಿಸುವ ಕಾಂಕ್ರೀಟು ಒಳ್ಳೆಯ ಸಾಧನವಾಗಬಲ್ಲದು. ಸುಣ್ಣಕಲ್ಲು ನಮ್ಮ ನೆಲದಲ್ಲಿಯೇ ಇರುವದು. ಮುಧೋಳ ತಾಲೂಕಿನ ಮುದ್ದಾಪುರದಲ್ಲಿ ಸಿಮೆಂಟಿನ ಕಾರ್ಖಾನೆಯೇ ಇದೆ. ಸ್ಥಳೀಯ ಕಲ್ಲಿನ ಜಲ್ಲಿಯನ್ನು ಬೆರೆಸಿ ಎರೆದು, ಮೇಲ್ಮೈಯ ಸಿಮೆಂಟು ಪೂರ್ಣ ಗಟ್ಟಿಯಾಗುವ ಮೊದಲೇ ಅದನ್ನು ತೊಳೆದರೆ ಕಲ್ಲಿನ ಬಣ್ಣ ಹೊರಬೀಳುವದು. ಎರಡನೆಯ ಮಹಾಯುದ್ಧದಲ್ಲಿ ನೆಲಸಮವಾದ ಫ್ರಾನ್ಸಿನ ಲ ಹಾವ್ರ್ ನಗರವನ್ನು ಓಗ್ಯುಸ್ತ್ ಪೆರೆಯ ನೇತೃತ್ವದಲ್ಲಿ ಮರಳಿ ಕಟ್ಟಿದಾಗ ಕಾಂಕ್ರೀಟಿನ ಬಣ್ಣ-ಮೈಗಳನ್ನು ಕಲ್ಲಿನಷ್ಟೇ ಆದರದಿಂದ ಉಪಯೋಗಿಸಿದರು. ೨೦೦೫ರಲ್ಲಿ ಯುನೆಸ್ಕೋ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿಯದು ಹೊಸ ನಗರ, ಇಲ್ಲಿಯದು ಹಳೆಯ ಓಣಿ, ನಿಜ; ಆದರೆ ಕಾಂಕ್ರೀಟೆಂದರೆ ಕುರೂಪವೆಂಬ ಭ್ರಮೆಯನ್ನು ಕಳೆಯಲು ಅಷ್ಟು ಸಾಕು.

ಅಡಚಣಿಗಳಿಲ್ಲವೆಂದಲ್ಲ. ಮೂರು ಮೀಟರು ಉದ್ದ, ಒಂದು ಮೀಟರು ಅಗಲ, ಹತ್ತು ಸೆಂಟಿಮೀಟರು ದಪ್ಪದ ಹಲಗೆಯೊಂದು ಏಳು ಕ್ವಿಂಟಲಿಗೂ ಹೆಚ್ಚು ತೂಗುವದು. ನಮ್ಮ ಓಣಿಗಳಲ್ಲಿ ಕ್ರೇನು ಹೇಗೆ ತಿರುಗಬೇಕು? ಆದ್ದರಿಂದ ಜಾಲಂದ್ರ, ಕಿಟಕಿಯ ಚೌಕಟ್ಟು, ಕಟ್ಟೆಯ ಅಂಚುಗಳಂಥ ಚಿಕ್ಕ ತುಂಡುಗಳೇ ನಮಗೆ ತಕ್ಕವು. ಎರಡಡಿ ಚೌಕ, ಎರಡಂಗುಲ ದಪ್ಪದ ತುಂಡನ್ನು ಇಬ್ಬರು ಎತ್ತಬಲ್ಲರು. ಅಲ್ಲದೆ ಬರಿಯ ತೆಳುವಾದ ಕಾಂಕ್ರೀಟಿನ ಗೋಡೆ ವೈಶಾಖದಲ್ಲಿ ಕಾದ ಹಂಚಾಗುವದು. ಅದರ ಹಿಂದೆ ಇಟ್ಟಿಗೆ ಇಲ್ಲವೆ ಕಲ್ಲಿನ ಗೋಡೆ ಇರಲೇಬೇಕು.

ಎಲ್ಲಕ್ಕೂ ದೊಡ್ಡ ಪ್ರಶ್ನೆ ಅಚ್ಚಿನದು. ಒಂದೇ ಅಂಗಡಿಗಾಗಿ ಅಚ್ಚು ಮಾಡಿಸಿದರೆ ವೆಚ್ಚ ವಿಪರೀತ. ನೂರು ಕಿಟಕಿಗಳಿಗೆ ಅದೇ ಅಚ್ಚು ಬಂದರೆ ಅಗ್ಗ. ಒಬ್ಬ ವ್ಯಾಪಾರಿಯಿಂದ ಆಗದ ಈ ಕೆಲಸವನ್ನು ನಗರಸಭೆಗಳೇ ಕೈಕೊಳ್ಳಬೇಕು. ಊರ ಬಡಿಗರಿಂದಲೂ ಕಲ್ಲುಕುಟಿಗರಿಂದಲೂ ಮಾದರಿಗಳನ್ನು ಮಾಡಿಸಿ, ಅಚ್ಚುಗಳನ್ನು ತಮ್ಮ ಸ್ವಾಧೀನದಲ್ಲಿಟ್ಟು ಬಾಡಿಗೆಗೆ ಕೊಡಲಿ. ಸಿಮೆಂಟಿನ ಆನೆ, ಸುಳ್ಳು ಕಮಾನು, ಅರಮನೆಯ ಅಣಕಗಳು ಮಾತ್ರ ಬೇಡ; ಕಟ್ಟೆಯ ಎತ್ತರ, ಕಿಟಕಿಯ ಪ್ರಮಾಣ, ಮಾಳಿಗೆಯ ಗೆರೆ, ಇವು ನೆರೆಮನೆಗೆ ಸರಿಹೋದರೆ ತೀರಿತು.

ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಬಹುಭಾಗವು ಹೋದಾಗ ವಿಶಾಲವಾದ ನವನಗರವು ಎದ್ದಿತು; ಮುಳುಗಿದ ಓಣಿಗಳನ್ನು ಮಾತ್ರ ಯಾರೂ ಕಟ್ಟಿಕೊಡಲಿಲ್ಲ. ನಮ್ಮ ಈ ಪೇಟೆಗಳನ್ನು ಕೆಡವುತ್ತಿರುವದು ನೀರಲ್ಲ, ನಾವೇ. ರಸ್ತೆಯ ಅಗಲೀಕರಣದ ನಕ್ಷೆಗೆ ಒಪ್ಪಿಗೆ ಕೊಡುವ ಮೊದಲು ಆ ಸಾಲಿನ ಮನೆಗಳ ಮುಂಭಾಗವನ್ನು ಅಳೆದು ಚಿತ್ರಿಸಿಡುವಂತೆ ಅಧಿಕಾರಿಗಳು ತಮ್ಮ ಎಂಜಿನಿಯರರಿಗೆ ಅಪ್ಪಣೆ ಮಾಡಲಿ. ಅಚ್ಚಿನ ಕೆಲಸವು ಆ ಅಳತೆಯಿಂದಲೇ ಮೊದಲಾಗತಕ್ಕದ್ದು.